ತಲೆಬಟ್ಟೆಗೆ ನಾಲ್ಕಕ್ಕೆ ನಾಲ್ಕು ಅಂಕ

ಗೆ,
ಪುನರ್ವಸತಿ ಯೋಜನೆಯ ಜಿಲ್ಲಾ ಮೇಲ್ವಿಚಾರಣಾಧಿಕಾರಿಗಳು

ಮಾನ್ಯರೇ,

ಗಾವಡಗೆರೆ ಹೋಬಳಿಯ ಮರಮ್ಮ ಎಂಬುವವರ ಕಡತವನ್ನು ಮತ್ತೆ ತೆರೆಯಲು ಅನುಮತಿ ಕೊಡಿ ಎಂದು ನಾನು ಬರೆದುಕೊಂಡ ಅರ್ಜಿಗೆ ತಮ್ಮ ಕಚೇರಿಯಿಂದ ಒಂದೇ ಸಾಲಿನ ಉತ್ತರ ಬಂದಿದೆ. "ಸ್ವಾವಲಂಬಿ ಎಂದು ನಮೂದಾಗಿರುವ ಫಲಾನುಭವಿಯ ಕಡತವನ್ನು ಪುನಃ ತೆರೆಯಲು ಅವಕಾಶವಿರುವುದಿಲ್ಲ." ಈ ಸಾಲು ಅನ್ಯಾಯದ್ದು ಎಂದು ಹೇಳಲು ಪತ್ರಿಕೆಯ ಮೂಲಕ ತಮಗೆ ಬರೆಯುತ್ತಿದ್ದೇನೆ. ಆದರೆ ಮರಮ್ಮನವರನ್ನು ಸ್ವಾವಲಂಬಿ ಎಂದು ನಮೂದಿಸಿದ ಕೈ ನನ್ನದೇ. ಹಾಗೆ ನಮೂದಿಸಲು ಅನುಕೂಲವಾಗುವ ನಮೂನೆಯನ್ನು ತಮಗೆ ತಯಾರು ಮಾಡಿಕೊಟ್ಟವಳೂ ನಾನೇ. ಹಾಗಾಗಿ ತಮ್ಮ ಮೇಲೆ ಪೂರ್ತಿ ಸಿಟ್ಟು ಮಾಡುವ ಯೋಗ್ಯತೆ ನನಗಿಲ್ಲ. ಅರ್ಧ ಸಿಟ್ಟು ತಮ್ಮ ಮೇಲೆ, ಉಳಿದರ್ಧ ನನ್ನ ಮೇಲೆ, ಎಂದುಕೊಂಡು ಓದಬೇಕಾಗಿ ಕೋರುತ್ತೇನೆ.

ಓದುಗರಿಗೆ ನನ್ನ ಪರಿಚಯ ಹೇಳಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳಿಗೆ ಸೇರಿ ತಮ್ಮ ಯೋಜನೆಯಲ್ಲಿ ಇರುವ ಒಬ್ಬಳೇ ಆಕ್ಯುಪೇಷನಲ್ ಥೆರಪಿಸ್ಟ್ ನಾನು. ಗುತ್ತಿಗೆ ನೌಕರಿ. ಮೊದಲ ಸಭೆಯಲ್ಲಿಯೇ ತಾವು ಕೇಳಿದ್ದಿರಿ: "ಫಿಜಿಯೋಥೆರಪಿಯವರು ಇದ್ದಾರಲ್ಲಮ್ಮ, ನಿಮ್ಮದೇನು ಹೆಚ್ಚುಗಾರಿಕೆ?" ಆ ಪ್ರಶ್ನೆಗೆ ನಾನು ಎದ್ದು ನಿಂತು, "ಸರ್, ಅವರು ಕೈ ಎತ್ತುವುದನ್ನು ಕಲಿಸುತ್ತಾರೆ. ಎತ್ತಿದ ಕೈಗೆ ಏನು ಕೆಲಸ ಬೇಕು ಎಂದು ನಾವು ಆ ಕೈಯವರನ್ನೇ ಕೇಳುತ್ತೇವೆ" ಎಂದಿದ್ದೆ. ಚಪ್ಪಾಳೆ ಬಿದ್ದಿತ್ತು. ಫಿಜಿಯೋಥೆರಪಿಯವರಿಗೆ ಇದು ಅನ್ಯಾಯದ ಮಾತು ಎಂದು ಗೊತ್ತಿದ್ದರೂ ಚಪ್ಪಾಳೆ ನನಗೆ ಹಿತವಾಗಿತ್ತು. ಇವತ್ತು ಯಾರಾದರೂ ಅದೇ ಪ್ರಶ್ನೆ ಕೇಳಿದರೆ ನಾನು ಇಷ್ಟು ಮಾತ್ರ ಹೇಳಿಯೇನು: ಒಬ್ಬ ಮನುಷ್ಯ ಯಾವ ಕೆಲಸಕ್ಕೆಂದು ಬೆಳಿಗ್ಗೆ ಎದ್ದು ಕೂರುತ್ತಾನೋ, ಯಾವ ಕೆಲಸದಿಂದ ಊರಿನವರು ಅವನನ್ನು ಗುರುತಿಸುತ್ತಾರೋ, ಕಾಯಿಲೆ ಬಿದ್ದ ಮೇಲೆ ಅವನನ್ನು ಆ ಕೆಲಸದ ಬಳಿಗೆ ಮತ್ತೆ ಕರೆದುಕೊಂಡು ಹೋಗುವುದು ನಮ್ಮ ವಿದ್ಯೆ. ಪೂರ್ತಿ ಕರೆದುಕೊಂಡು ಹೋಗಲು ಆಗದಿದ್ದರೆ ಅದರ ಹತ್ತಿರಕ್ಕಾದರೂ ತಲುಪಿಸಬೇಕು. ಅದಕ್ಕೆ ಮೊದಲು ಆ ಕೆಲಸ ಯಾವುದೆಂದು ಕೇಳಬೇಕು, ಕೇಳಿದ್ದನ್ನು ಬರೆದುಕೊಳ್ಳಬೇಕು. ನಾನು ಕೇಳಿದೆ, ಬರೆದುಕೊಳ್ಳಲಿಲ್ಲ.

ನಮಗೆ ಓದುವಾಗ ಮೂರು ವೃತ್ತಗಳ ಒಂದು ಮಾದರಿಯನ್ನು ಕಲಿಸುತ್ತಾರೆ. ಒಂದು ವೃತ್ತ ವ್ಯಕ್ತಿ, ಇನ್ನೊಂದು ಆತನ ಸುತ್ತಲಿನ ಪರಿಸರ, ಮತ್ತೊಂದು ಆತ ಮಾಡುವ ಕೆಲಸ. ಮೂರೂ ಒಂದರ ಮೇಲೊಂದು ಎಷ್ಟು ಕೂಡಿಕೊಂಡರೆ ಬದುಕು ಅಷ್ಟು ಸಲೀಸು. ಕೈಯನ್ನು ಸರಿಮಾಡಲಾಗದಿದ್ದರೆ ಕೆಲಸದ ರೀತಿ ಬದಲಿಸು, ಅದೂ ಆಗದಿದ್ದರೆ ಸುತ್ತಲಿನ ಏರ್ಪಾಡು ಬದಲಿಸು, ಹೇಗಾದರೂ ಮಾಡಿ ವೃತ್ತಗಳನ್ನು ಹತ್ತಿರಕ್ಕೆ ತಾ ಎನ್ನುವುದು ಅದರ ತಿರುಳು. ಒಳ್ಳೆಯ ಮಾದರಿ. ನಾನು ಅದನ್ನು ತಮ್ಮ ಕಚೇರಿಯ ಬಿಳಿ ಹಲಗೆಯ ಮೇಲೆ ಮೂರು ಬಣ್ಣದಲ್ಲಿ ಬರೆದು ತೋರಿಸಿದೆ. ತಾವು ತಲೆದೂಗಿ, "ಇದನ್ನು ಒಂದು ಪುಟದ ನಮೂನೆ ಮಾಡಿಕೊಡಿ, ಅಂಕ ಹಾಕುವ ಹಾಗಿರಲಿ" ಎಂದಿರಿ. ಮಾಡಿಕೊಟ್ಟೆ. ವೃತ್ತಗಳು ಚೌಕಗಳಾದವು. ಪರಿಸರ ಎನ್ನುವ ಚೌಕದಲ್ಲಿ ಮನೆ ಹೆಂಚಿನದೋ ತಾರಸಿಯದೋ, ಮೆಟ್ಟಿಲು ಎಷ್ಟು, ಶೌಚಾಲಯ ಇದೆಯೋ ಇಲ್ಲವೋ ಎಂಬ ಮೂರು ಪ್ರಶ್ನೆ. ಆ ಮನೆಗೆ ಯಾರು ಬರುತ್ತಾರೆ, ಆ ಮನೆಯವರು ಯಾರಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆಗೆ ಪುಟದಲ್ಲಿ ಜಾಗ ಸಾಲಲಿಲ್ಲ. ಕೆಲಸ ಎನ್ನುವ ಚೌಕದಲ್ಲಿ ಊಟ, ಸ್ನಾನ, ಉಡುಪು, ನಡಿಗೆ, ಅಡುಗೆ ಎಂಬ ಪಟ್ಟಿ, ಪ್ರತಿಯೊಂದಕ್ಕೂ ನಾಲ್ಕು ಅಂಕ. ಕೊನೆಯಲ್ಲಿ 'ಇತರೆ' ಎಂದೊಂದು ಗೆರೆ ಇತ್ತು. ಅದನ್ನು ತುಂಬಿದರೆ ಪ್ರತ್ಯೇಕ ವಿವರಣೆ ಬರೆಯಬೇಕಾಗುತ್ತಿದ್ದುದರಿಂದ ನಾಲ್ಕು ತಾಲ್ಲೂಕಿನಲ್ಲಿ ಒಬ್ಬರೂ ತುಂಬಲಿಲ್ಲ.

ಮರಮ್ಮನವರಿಗೆ ಐವತ್ತೈದು ವರ್ಷ ಇರಬಹುದು. ಹೋದ ಕಾರ್ತಿಕದಲ್ಲಿ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಡಿಸೆಂಬರಿನಲ್ಲಿ ಅವರನ್ನು ಸೊಸೆ ನಂದಿತಾ ಬಸ್ಸಿನಲ್ಲಿ ಕರೆದುಕೊಂಡು ನಮ್ಮ ಕೇಂದ್ರಕ್ಕೆ ಬಂದಳು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ್ದೇ ತಡ, ಮರಮ್ಮ ಸೊಟ್ಟಗಾಗಿದ್ದ ಬಾಯಲ್ಲಿಯೇ ನಕ್ಕರು.

"ನೀನು ಚಿಕ್ಕಣ್ಣೋರ ಮಗಳು ರೂಪಿ ಅಲ್ವೇನವ್ವ? ಎಷ್ಟು ದೊಡ್ಡೋಳಾಗ್ಬುಟ್ಟೆ!"

ಹೌದು, ನಾನು ಚಿಕ್ಕಣ್ಣನವರ ಮಗಳು. ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಮರಮ್ಮ ನಮ್ಮ ಕೊಟ್ಟಿಗೆಯಲ್ಲಿ ಸೊಪ್ಪು ಕಟ್ಟಲು ಬರುತ್ತಿದ್ದವರು. ಹೊಗೆಸೊಪ್ಪು ಕಟ್ಟುವುದು ಜೋಡಿ ಕೆಲಸ. ಎರಡು ಕವೆಗಳ, ಅಂದರೆ ಕವಲೊಡೆದ ಗೂಟಗಳ, ಮೇಲೆ ಉದ್ದನೆಯ ಕಡ್ಡಿ ಇಟ್ಟು ಒಬ್ಬರು ಹುರಿಯಿಂದ ಬಿಗಿಯುತ್ತಾ ಹೋದರೆ, ಪಕ್ಕದಲ್ಲಿ ಒಬ್ಬರು ತೊಟ್ಟು ಸಮ ಮಾಡಿ ಮೂರು ಮೂರು ಎಲೆ ಎತ್ತಿ ಕೊಡಬೇಕು. ಶಾಲೆಗೆ ರಜೆ ಇದ್ದ ದಿನಗಳಲ್ಲಿ ಮರಮ್ಮನಿಗೆ ಎಲೆ ಕೊಡುತ್ತಿದ್ದವಳು ನಾನು. ಅವರನ್ನು ನಾನು ಹೋಗು ಬಾ ಎಂದೇ ಮಾತಾಡಿಸುತ್ತಿದ್ದೆ. ನಮ್ಮ ಮನೆಯಲ್ಲಿ ಅದೇ ರೂಢಿ. ಅವರಿಗೆ ಕಾಫಿ ಕೊಡುತ್ತಿದ್ದ ಲೋಟ ಕೊಟ್ಟಿಗೆಯ ಗೂಡಿನಲ್ಲೇ ಇರುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಎಲೆಯ ಅಂಟು ಅಂಗೈಗೆ ಕಪ್ಪಗೆ ಹಿಡಿದರೆ ಬೂದಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಕೈಯನ್ನು ಮಂಗಳೂರಿನ ಹಾಸ್ಟೆಲಿನಲ್ಲಿ ಗೆಳತಿಯರಿಗೆ ಕಾಣದ ಹಾಗೆ ದುಪಟ್ಟಾದೊಳಗೆ ಇಟ್ಟುಕೊಂಡು ಕುಳಿತಿದ್ದೇನೆ. ಆ ದಿನ ಬಾಗಿಲಲ್ಲಿ ಮರಮ್ಮ ನನ್ನನ್ನು ರೂಪಿ ಎಂದು ಕರೆದಾಗ ನರ್ಸ್ ಪಕ್ಕದಲ್ಲಿದ್ದರು, ತರಬೇತಿಗೆ ಬಂದ ಇಬ್ಬರು ಹುಡುಗಿಯರಿದ್ದರು. ನಾನು ಕಂಪ್ಯೂಟರಿನ ಕಡೆಗೆ ಮುಖ ಮಾಡಿ, "ಹೆಸರು, ವಯಸ್ಸು ಹೇಳಿ" ಎಂದೆ. ನಂದಿತಾ ಹೇಳಿದಳು. ಮರಮ್ಮ ಆಮೇಲೆ ನನ್ನನ್ನು ಆ ಹೆಸರಿನಿಂದ ಕರೆಯಲಿಲ್ಲ. ಈ ಸಾಲುಗಳನ್ನು ಬರೆಯುವಾಗ ನನಗೆ ತುಂಬಾ ನಾಚಿಕೆಯಾಗುತ್ತಿದೆ.

"ನಿಮಗೆ ಯಾವ ಕೆಲಸ ಮಾಡಲು ಆಗಬೇಕು?" ಎಂದು ನಮೂನೆಯ ಮೊದಲ ಪ್ರಶ್ನೆ ಕೇಳಿದೆ.

"ಸೊಪ್ಪು ಕಟ್ಬೇಕು," ಎಂದರು.

ಪಟ್ಟಿಯಲ್ಲಿ ಸೊಪ್ಪು ಕಟ್ಟುವುದು ಇರಲಿಲ್ಲ. ಆರೋಗ್ಯದ ಯೋಜನೆಯ ಕಾಗದದಲ್ಲಿ ಹೊಗೆಸೊಪ್ಪಿನ ಹೆಸರು ಬರೆಯಲು ಕೈ ಹಿಂಜರಿಯಿತು. "ಬೇರೆ ಏನಾದರೂ ಹೇಳಿ," ಎಂದೆ. ಅವರು ಸ್ವಲ್ಪ ಯೋಚಿಸಿ, "ಅಂಗಾರೆ ತಲೆಗೆ ಬಟ್ಟೆ ಕಟ್ಕೊಳ್ಳೋದು ಹೇಳ್ಕೊಡಿ. ಒಂದೇ ಕೈಲಿ ಆಯ್ತದಾ?" ಎಂದರು. ನನಗೆ ಖುಷಿಯಾಯಿತು. ಉಡುಪು ಧರಿಸುವುದು ಪಟ್ಟಿಯಲ್ಲಿತ್ತು.

ಮಾನ್ಯರೇ, ಆ ಹದಿನಾರು ವಾರಗಳ ಸಾಧನೆಯ ವಿವರ ತಮ್ಮ ಕಚೇರಿಯಲ್ಲಿದೆ. ಪ್ಲಾಸ್ಟಿಕ್ ಶಂಕುಗಳನ್ನು ಒಂದರ ಮೇಲೊಂದು ಜೋಡಿಸುವುದು ನಾಲ್ಕಕ್ಕೆ ಮೂರು. ಹಲಗೆಯ ತೂತುಗಳಿಗೆ ಗೂಟ ಸಿಕ್ಕಿಸುವುದು ಮೂರು. ಹುಟ್ಟಿದಾಗಿನಿಂದ ಜಿಪ್ಪಿನ ಬಟ್ಟೆ ತೊಡದ ಮರಮ್ಮ ಜಿಪ್ ಎಳೆಯುವುದರಲ್ಲಿ ಮೊದಲ ವಾರ ಸೊನ್ನೆ ಪಡೆದು, ಹತ್ತನೆಯ ವಾರ ನಾಲ್ಕಕ್ಕೆ ನಾಲ್ಕು ಪಡೆದರು. ಈ ಜಿಪ್ಪಿನಿಂದ ಅವರ ಬದುಕಿನಲ್ಲಿ ಯಾವ ಬಾಗಿಲು ತೆರೆಯಿತು ಎಂದು ತಾವೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ತಲೆಬಟ್ಟೆಗೆ ಮಾತ್ರ ಅವರು ನಿಜವಾಗಿ ಒದ್ದಾಡಿದರು. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಬಲಗೈಯಲ್ಲಿ ಹಿಂದಕ್ಕೆ ಸುತ್ತಿ ತಂದು ಸಿಕ್ಕಿಸಬೇಕು. ನೂರು ಸಲ ಜಾರಿತು. ಬಸ್ಸಿನಲ್ಲಿ ಕೂತಾಗಲೂ ಅಭ್ಯಾಸ ಮಾಡುತ್ತಿದ್ದರಂತೆ. ಸೊಪ್ಪು ಕಟ್ಟುವ ಹೆಂಗಸರು ತಲೆಗೆ ಬಟ್ಟೆ ಕಟ್ಟದೆ ಕೊಟ್ಟಿಗೆಗೆ ಕಾಲಿಡುವುದಿಲ್ಲ, ಎಲೆಯ ಅಂಟು ಕೂದಲಿಗೆ ಹಿಡಿದರೆ ಬಿಡುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ ವಿಷಯವೇ? ನನ್ನ ತಾಯಿ ಕಟ್ಟಿದ್ದನ್ನು ನೋಡಿಲ್ಲವೇ? ಯಾತಕ್ಕೆ ಈ ಹೆಂಗಸು ತಲೆಬಟ್ಟೆಗೆ ಇಷ್ಟು ಹಟ ಹಿಡಿದಿದ್ದಾರೆ ಎಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ನಾನು ಅಂಕ ಹಾಕಿದೆ. ಉಡುಪು, ನಾಲ್ಕಕ್ಕೆ ನಾಲ್ಕು.

ಮಾರ್ಚ್ ಬಂತು. ತಿಂಗಳ ಕೊನೆಯೊಳಗೆ ನೂರಕ್ಕೆ ತೊಂಬತ್ತು ಕಡತ ಮುಚ್ಚಿರಬೇಕು ಎಂದು ತಮ್ಮ ಸುತ್ತೋಲೆ ಹೇಳುತ್ತಿತ್ತು. ಮರಮ್ಮನವರ ಗುರಿ ಸೊಪ್ಪು ಕಟ್ಟುವುದು ಎಂದು ಬರೆದರೆ ಅವರ ಕಡತವನ್ನು ಆಗಸ್ಟಿನ ಸುಗ್ಗಿಯವರೆಗೆ ತೆರೆದಿಡಬೇಕು. ಹಾಗಾಗಿ ಕೊನೆಯ ದಿನ ಅವರಿಗೆ ಕೊಟ್ಟ ಸಲಹಾ ಚೀಟಿಯಲ್ಲಿ ನಾನು ಹೀಗೆ ಬರೆದೆ: "ಇವರು ಸ್ವಾವಲಂಬಿಯಾಗಿದ್ದಾರೆ. ಇವರನ್ನು ಇನ್ನು ಮುಂದೆ ಹೊಗೆಸೊಪ್ಪಿನ ಕೆಲಸಕ್ಕೆ ಕರೆಯಬಾರದು." ಕೆಳಗೆ ಸಹಿ, ಯೋಜನೆಯ ನೇರಳೆ ಸೀಲ್. ಇದಕ್ಕೆ ಹೇಳಿಕೊಳ್ಳಬಹುದಾದ ಕಾರಣವೂ ಇತ್ತು. ಒದ್ದೆ ಎಲೆಯ ರಸ ಮೈಗೆ ತಗುಲಿದರೆ ತಲೆಸುತ್ತು, ವಾಂತಿ ಬರುವುದುಂಟು. ಅವರಿಗೆ ಬಿಪಿ ಬೇರೆ. ಆದರೆ ಆ ಕಾರಣ ನನಗೆ ನೆನಪಾದದ್ದು ಸಾಲು ಬರೆದು ಮುಗಿಸಿದ ಮೇಲೆ. ಬರೆಯುವಾಗ ಮನಸ್ಸಿನಲ್ಲಿದ್ದದ್ದು ಮಾರ್ಚ್ ಮೂವತ್ತೊಂದು.

ಮೇ ತಿಂಗಳ ಸಮಾರಂಭವನ್ನು ತಾವು ಮರೆತಿರಲಾರಿರಿ. ವೇದಿಕೆಯ ಮೇಲೆ ಮರಮ್ಮನವರಿಂದ ಒಂದೇ ಕೈಯಲ್ಲಿ ತಲೆಬಟ್ಟೆ ಕಟ್ಟಿಸಿ ತೋರಿಸಿದೆವು. ಎಷ್ಟೊಂದು ಜನ ಚಪ್ಪಾಳೆ ತಟ್ಟಿದರು, ತಾವೂ ತಟ್ಟಿದಿರಿ. ನನಗೆ ಶಾಲು ಹೊದಿಸಿದಿರಿ. ಮರಮ್ಮನವರಿಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟಿರಿ. ನಾನು ಕಾರು ಹತ್ತುವಾಗ ಅವರು ಹತ್ತಿರ ಬಂದು, "ಮೇಡಮ್ಮೋರೆ, ಈ ಸಲ ಸೊಪ್ಪಿಗೆ ನನ್ನೂ ಕರೀತಾರಲ್ವಾ?" ಎಂದು ಕೇಳಿದರು. ನಾನೇ ಬರೆದುಕೊಟ್ಟಿದ್ದ ಸಾಲು ನನಗೆ ನೆನಪಿತ್ತು. ಅವರಿಗೆ ಓದು ಬರುವುದಿಲ್ಲ ಎಂಬುದೂ ನೆನಪಿತ್ತು. "ನೋಡೋಣ, ಮೊದಲು ಹುಷಾರಾಗಿ," ಎಂದು ಕಾರಿನ ಬಾಗಿಲು ಹಾಕಿಕೊಂಡೆ.

ಆಗಸ್ಟಿನಲ್ಲಿ ತಾವು ಯೋಜನೆಯ ಕೈಪಿಡಿಗೆ ಒಂದು ಯಶೋಗಾಥೆ ಬೇಕು, ನಗುಮುಖದ ಬಣ್ಣದ ಫೋಟೊ ಬೇಕು ಎಂದಿರಿ. ಮರಮ್ಮನವರ ಊರಿಗೆ ಹೋದೆ. ಬೆಳಿಗ್ಗೆ ಹತ್ತು ಗಂಟೆ. ಕೇರಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ, ಎಲ್ಲರೂ ಸೊಪ್ಪಿಗೆ ಹೋಗಿದ್ದರು. ಮರಮ್ಮ ಒಬ್ಬರೇ ಜಗಲಿಯ ಮೇಲೆ ಕುಳಿತಿದ್ದರು. ತಲೆಗೆ ಬಟ್ಟೆ ನೀಟಾಗಿ ಕಟ್ಟಿತ್ತು, ಸೀರೆಯ ಮೇಲೆ ಮಗನ ಹಳೆಯ ತುಂಬುತೋಳಿನ ಅಂಗಿ ತೊಟ್ಟಿದ್ದರು. ನಾನು ಮೊದಲು ಫೋಟೊ ತೆಗೆದೆ. ಅದನ್ನು ತಮಗೆ ಕಳಿಸಿದ್ದೇನೆ. ಆಮೇಲೆ, ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದೆ.

"ಎಲ್ಲಿಗೂ ಇಲ್ಲ ಕಣವ್ವ. ದಿನಾ ಕಟ್ಕೊಂಡು ಕೂತಿರ್ತೀನಿ. ಯಾರಾರ ಕರೆದ್ರೆ ಎದ್ದು ಹೋಗಕ್ಕೆ ಸಲೀಸು ಅಂತ."

"ಯಾರೂ ಕರೆಯಲಿಲ್ಲವಾ?"

"ಊಂ ಹೂಂ. ನಂದೇನು ತಪ್ಪಾಯ್ತೋ ಗೊತ್ತಿಲ್ಲ. ಯಾರೂ ಬಾಯ್ಬುಟ್ಟು ಹೇಳಲ್ಲ."

ಚೀಟಿಯನ್ನು ಸೊಸೆ ಓದಿದ್ದಳು, ಕೇರಿಯವರಿಗೂ ವಿಷಯ ಗೊತ್ತಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಹೇಳಿದರೆ ಅತ್ತೆ ನೊಂದುಕೊಳ್ಳುತ್ತಾರೆ ಎಂದು ನಂದಿತಾ ಅವರೆದುರು ಯಾರೂ ಬಾಯಿ ಬಿಡಬೇಡಿ ಎಂದಿದ್ದಳು. ಹಾಗಾಗಿ ನಾನು ಬರೆದುಕೊಟ್ಟದ್ದರ ಫಲವನ್ನು ಮರಮ್ಮ ತಮ್ಮದೇ ಏನೋ ತಪ್ಪು ಎಂದು ನಾಲ್ಕು ವಾರದಿಂದ ಹೊತ್ತುಕೊಂಡು ಕುಳಿತಿದ್ದರು.

ಇಲ್ಲಿ ಮುಯ್ಯಾಳಿನ ವಿಷಯ ಹೇಳಬೇಕು. ತಾವು ಕೆ.ಆರ್. ನಗರದ ಗದ್ದೆಗಳಲ್ಲಿ ನೋಡಿರಬಹುದು, ನಮ್ಮ ಸೊಪ್ಪಿನ ಊರುಗಳಲ್ಲಿ ಅದಿಲ್ಲದೆ ಒಂದು ದಿನವೂ ನಡೆಯುವುದಿಲ್ಲ. ಬೆಳಿಗ್ಗೆ ಮುರಿದ ಎಲೆಯನ್ನು ಅದೇ ದಿನ ಕಟ್ಟಿ ಬ್ಯಾರನ್ನಿಗೆ, ಅಂದರೆ ಸೊಪ್ಪು ಬೇಯಿಸುವ ಎತ್ತರದ ಮನೆಗೆ, ಏರಿಸಿಬಿಡಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಮರಮ್ಮನವರ ಕೇರಿಯಲ್ಲಿ ಎಲ್ಲರದೂ ಎಕರೆ, ಎರಡೆಕರೆ. ಇವತ್ತು ನಾನು ನಿನ್ನ ಸೊಪ್ಪಿಗೆ ಬರುತ್ತೇನೆ, ನಾಳೆ ನೀನು ನನ್ನ ಸೊಪ್ಪಿಗೆ ಬಾ. ಕೂಲಿಯ ಮಾತಿಲ್ಲ. ಹಿಂದಿನ ದಿನ ಬೈಗಿನ ಹೊತ್ತಿಗೆ ಯಾರಾದರೂ ಬಾಗಿಲಿಗೆ ಬಂದು ಕರೆಯುತ್ತಾರೆ. ಕರೆಯದೆ ಯಾರೂ ಹೋಗುವಂತಿಲ್ಲ, ಕರೆದರೆ ತಪ್ಪಿಸಿಕೊಳ್ಳುವಂತಿಲ್ಲ. ಮರಮ್ಮನವರ ಮನೆಯ ಸೊಪ್ಪಿಗೆ ಕೇರಿಯವರೆಲ್ಲ ಬಂದು ಕಟ್ಟಿ ಹೋಗುತ್ತಿದ್ದರು, ತಿರುಗಿ ಹೋಗಲು ಮರಮ್ಮನವರಿಗೆ ಕರೆ ಇರಲಿಲ್ಲ. ನಂದಿತಾ ಇಬ್ಬರ ಪಾಲನ್ನೂ ಒಬ್ಬಳೇ ದುಡಿಯುತ್ತಿದ್ದಳು. "ಅವ್ರು ನಮ್ಮನೇಗೆ ಬಂದ ದಿನ ನಾನು ಒಳಗೋಗಿ ಕೂತ್ಕೋತೀನಿ ಕಣವ್ವ. ಮೊಕ ತೋರ್ಸಕ್ಕಾಗಲ್ಲ," ಎಂದರು ಮರಮ್ಮ.

ಇಂಥವರನ್ನು ನಾವು ಸ್ವಾವಲಂಬಿ ಎಂದು ಕರೆದು ಸ್ಟೀಲ್ ಡಬ್ಬಿ ಕೊಟ್ಟೆವು. ಯಾರ ಹಂಗೂ ಬೇಡದಂತೆ ಇರುವುದೇ ದೊಡ್ಡದು ಎನ್ನುವುದು ನಮ್ಮ ಪುಸ್ತಕಗಳನ್ನು ಬರೆದ ದೇಶಗಳ ಮಾತು. ಅಲ್ಲಿ ಅದು ಸರಿಯಿದ್ದೀತು. ನಾನು ಅದನ್ನು ಹಾಗೇ ಕನ್ನಡಕ್ಕೆ ಇಳಿಸಿ ಗಾವಡಗೆರೆ ಹೋಬಳಿಯ ಕೇರಿಯೊಂದಕ್ಕೆ ತಂದಿಟ್ಟೆ. ತಪ್ಪು ಆ ಮಾದರಿಯದಲ್ಲ, ನನ್ನದು. ಪರಿಸರದ ವೃತ್ತದಲ್ಲಿ ಮೆಟ್ಟಿಲು ಎಣಿಸುವ ಬದಲು ಮನುಷ್ಯರನ್ನು ಎಣಿಸು ಎಂದು ಅದು ನನಗೆ ಹೇಳಿಯೇ ಇತ್ತು.

ಆ ವಾರದ ಭಾನುವಾರ, ಕೇರಿಯವರಿಗೆ ಸೊಪ್ಪಿನಿಂದ ಬಿಡುವಿದ್ದ ದಿನ, ಅಪ್ಪನ ಹೊಲದಿಂದ ಎರಡು ಹೊರೆ ಎಲೆ, ಒಂದು ಕಡ್ಡಿ, ಹುರಿ ತೆಗೆದುಕೊಂಡು ಮತ್ತೆ ಹೋದೆ. ಜಗಲಿಯ ಮುಂದೆ ಎರಡು ಕವೆ ನಿಲ್ಲಿಸಿದೆ. ಮರಮ್ಮ ಕಟ್ಟಿದರು, ನಾನು ಎಲೆ ಕೊಟ್ಟೆ. ಅವರ ಎಡಗೈ ಕಡ್ಡಿಯ ಮೇಲೆ ಒರಗುತ್ತದೆ, ಹಿಡಿಯುವುದಿಲ್ಲ. ಹತ್ತು ಹಿಡಿ ಕಟ್ಟಿದ ಮೇಲೆ ಅವರೇ ಕಡ್ಡಿಯನ್ನು ಒಮ್ಮೆ ಜಾಡಿಸಿದರು. ನಾಲ್ಕು ಹಿಡಿ ಜಾರಿ ನೆಲಕ್ಕೆ ಬಿತ್ತು.

"ಇದನ್ನ ಬ್ಯಾರನ್‌ಗೆ ಏರ್ಸಂಗಿಲ್ಲ ಬುಡು," ಎಂದರು. "ಎಲೆ ಜಾರಿ ಬಿಸಿ ಪೈಪಿನ ಮ್ಯಾಲೆ ಬಿದ್ರೆ ಬ್ಯಾರನ್ನೇ ಉರ್ದೋಯ್ತದೆ. ಬ್ಯಾರೆಯೋರ ವರ್ಸದ ಅನ್ನ."

ಬಿದ್ದ ಎಲೆಗಳನ್ನು ಬಲಗೈಯಲ್ಲಿ ಒಂದೊಂದಾಗಿ ಆರಿಸಿ ಪಕ್ಕಕ್ಕಿಟ್ಟರು. ಆಗ ನನಗೆ ಓದಿದ್ದು ನೆನಪಾಯಿತು, ಕೈ ಬದಲಾಗದಿದ್ದರೆ ಕೆಲಸದ ರೀತಿ ಬದಲಿಸು. "ನಾನು ಕಟ್ಟುತ್ತೇನೆ, ನೀವು ಕೊಡಿ," ಎಂದೆ. ಎಲೆಯ ರಾಶಿಯನ್ನು ಜಗಲಿಯ ಮೇಲೆ ಅವರ ಬಲಮಗ್ಗುಲಿಗೆ ಹಾಕಿದೆ. ಮರಮ್ಮ ಬಲಗೈಯ ಬೆರಳ ಸಂದಿಯಲ್ಲಿ ಒಂದೊಂದೇ ತೊಟ್ಟು ಹಿಡಿದು, ಮೂರಾದ ಮೇಲೆ ಜಗಲಿಯ ಅಂಚಿಗೆ ಕುಟ್ಟಿ ಸಮ ಮಾಡಿ ನನ್ನ ಕೈಗಿಟ್ಟರು. ನಾನು ಒಂದು ಹಿಡಿ ಕಟ್ಟುವಷ್ಟರಲ್ಲಿ ಎರಡು ಹಿಡಿ ತಯಾರಾಗಿರುತ್ತಿತ್ತು. "ಬಿಗೀನೇ ಇಲ್ವಲ್ಲವ್ವ, ಎಳಿ, ಇನ್ನೂ ಎಳಿ. ಓದಿದ್ದೇ ಬಂತು," ಎಂದು ಗದರಿಕೊಂಡರು. ಕಡ್ಡಿ ತುಂಬಿದಾಗ ಜಾಡಿಸಿ ನೋಡಿ ನಕ್ಕರು.

"ಮೊದ್ಲು ನೀನು ಕೊಡ್ತಿದ್ದೆ, ನಾನು ಕಟ್ತಿದ್ದೆ. ಈಗ ತಿರುಗಾ ಮುರುಗಾ ಆಯ್ತು ನೋಡು ರೂಪಿ."

ಎಂಟು ತಿಂಗಳ ಮೇಲೆ ಅವರು ನನ್ನನ್ನು ಆ ಹೆಸರಿನಿಂದ ಕರೆದರು. ನಾನು ಅಳಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಸಮಾರಂಭದ ಶಾಲಿಗೆ ಅರ್ಹಳಾಗುವ ಕೆಲಸವನ್ನು ಆ ಅರ್ಧ ಗಂಟೆಯಲ್ಲಿ ಮಾಡಿದೆ. ಅದಕ್ಕೆ ಶಂಕು ಬೇಕಾಗಲಿಲ್ಲ, ಜಿಪ್ಪೂ ಬೇಕಾಗಲಿಲ್ಲ. ಡಿಸೆಂಬರಿನಲ್ಲೇ ಮಾಡಬಹುದಿತ್ತು.

ಮರಮ್ಮನವರ ಹಳೆಯ ಜೋಡಿ, ಎದುರು ಮನೆಯ ರಾಣಿ, ತಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. "ನೋಡಿ ರಾಣಿ, ಇವರು ಎಲೆ ಕೊಡಬಲ್ಲರು. ನಾಳೆಯಿಂದ ಕರೆಯಿರಿ," ಎಂದೆ.

ರಾಣಿ ಜಗಲಿಯ ಬಳಿಗೆ ಬಂದು, ಅಲ್ಲೇ ನಿಂತಿದ್ದ ನಂದಿತಾಳ ಮುಖ ನೋಡಿದರು. ಆಮೇಲೆ ಮೆಲ್ಲಗೆ, "ನಮಗೇನು ಆಸೆ ಇಲ್ವಾ ಮೇಡಂ? ಮರಕ್ಕ ಇಲ್ದೆ ಕೊಟ್ಟಿಗೇಲಿ ಮಾತೇ ಇಲ್ಲ. ಆದ್ರೆ ನೀವೇ ಸೀಲ್ ಒತ್ತಿ ಬರ್ಕೊಟ್ಟಿದ್ದೀರ. ನಾಳೆ ನಮ್ ಕೊಟ್ಟಿಗೇಲಿ ಅವ್ರಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಬರೆದಿದ್ರೂ ಯಾಕ್ರೀ ಕರೆದ್ರಿ ಅಂತ ನಮ್ಮನ್ನ ಕೇಳಲ್ವಾ?" ಎಂದರು.

"ನಾನೇ ಹೇಳುತ್ತಿದ್ದೇನಲ್ಲ."

ಇದಕ್ಕೆ ನಂದಿತಾ ಉತ್ತರ ಕೊಟ್ಟಳು. "ಬಾಯಲ್ಲಿ ಹೇಳಿದ್ರೆ ಆಯ್ತಾ ಮೇಡಂ? ಬರೆದಿದ್ದನ್ನ ಬರೆದೇ ತೆಗೀಬ್ಯಾಕು."

ಬರೆದಿದ್ದು ಯಾವುದು ಎಂದು ಮರಮ್ಮ ಕೇಳಿದರು. ನಾನೇ ಹೇಳಬೇಕಾಯಿತು. ಅವರು ಎಲೆ ಕೊಡುತ್ತಿದ್ದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಅಂಗಾ. ನಾನು ಏನೋ ಅಂದ್ಕೊಂಡಿದ್ದೆ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಬರೆದಿದ್ದನ್ನು ಬರೆದು ತೆಗೆಯಲು ನನಗೆ ಸೀಲ್ ಬೇಕು. ಸೀಲ್ ಒತ್ತಲು ಕಡತ ತೆರೆದಿರಬೇಕು. ಕಡತ ತೆರೆಯಲು ತಮ್ಮ ಅಪ್ಪಣೆ ಬೇಕು. ತಮ್ಮ ಕಚೇರಿಗೆ ಮೂರು ಸಲ ಬಂದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಇಲ್ಲಿ ಪೂಜಾರಿ ಕುರ್ಚಿ ಕೊಟ್ಟು ಕೂರಿಸಿ ಟೀ ತರಿಸಿದ, ದೇವರು ಸಭೆಯಲ್ಲಿದ್ದರು. ಕೊನೆಗೆ ಫೋನಿನಲ್ಲಿ ಸಿಕ್ಕಾಗ ತಾವು ಎರಡು ಮಾತು ಹೇಳಿದಿರಿ. ಒಂದು, ಮುಚ್ಚಿದ ಕಡತ ತೆರೆದರೆ ಯಶಸ್ಸಿನ ಪ್ರಮಾಣ ಇಳಿಯುತ್ತದೆ, ಅದೂ ಕೈಪಿಡಿಯ ಮುಖಪುಟದಲ್ಲಿರುವ ಹೆಂಗಸಿನದು. ಇನ್ನೊಂದು, "ಆರೋಗ್ಯದ ಯೋಜನೆ ಹೊಗೆಸೊಪ್ಪಿನ ಕೆಲಸ ಮಾಡಿ ಎಂದು ಹೇಳುವುದಕ್ಕಾಗುತ್ತದೇನಮ್ಮ?"

ಎರಡನೆಯ ಮಾತಿಗೆ ನಾನು ತಲೆ ಬಾಗುತ್ತೇನೆ. ಹೊಗೆಸೊಪ್ಪು ಒಳ್ಳೆಯದಲ್ಲ. ಸೇದುವವರಿಗೂ ಅಲ್ಲ, ಕಟ್ಟುವವರಿಗೂ ಅಲ್ಲ. ನಾಳೆ ನಾಲ್ಕು ತಾಲ್ಲೂಕಿನವರೂ ಬೇರೆ ಬೆಳೆಗೆ ತಿರುಗಿದರೆ ಸಂತೋಷ. ಆದರೆ ಹುಣಸೂರಿನ ಹರಾಜು ಕಟ್ಟೆ ನಡೆಯುತ್ತಿರುವಾಗ, ನನ್ನ ಅಪ್ಪನಂಥ ಜಮೀನುದಾರರು ಸಸಿ ನೆಡುತ್ತಿರುವಾಗ, ಇಡೀ ಸೀಮೆಯಲ್ಲಿ ಹೊಗೆಸೊಪ್ಪನ್ನು ಬಿಡಬೇಕಾದ ಮೊದಲ ವ್ಯಕ್ತಿ ಒಂದು ಕೈ ಬಿದ್ದುಹೋದ ಮರಮ್ಮನೇ ಆಗಬೇಕೆ? ಸೊಪ್ಪನ್ನು ಬಿಡಿಸುವುದಿದ್ದರೆ ಕೇರಿಗೆ ಕೇರಿಯನ್ನೇ ಬಿಡಿಸೋಣ. ಮರಮ್ಮನವರನ್ನು ಮಾತ್ರ ಬಿಡಿಸಿದರೆ ಅವರಿಂದ ಬಿಟ್ಟುಹೋಗುವುದು ಸೊಪ್ಪಲ್ಲ, ಜನ.

ಮೊದಲನೆಯ ಮಾತಿಗೆ ಏನು ಹೇಳಲಿ? ಜಪಾನಿನ ಥೆರಪಿಸ್ಟರು ಕಟ್ಟಿದ ಇನ್ನೊಂದು ಮಾದರಿ ಇದೆ. ಅದರಲ್ಲಿ ಬದುಕು ಒಂದು ಹೊಳೆ. ಕಾಯಿಲೆ, ಕಷ್ಟಗಳು ಹೊಳೆಯ ನಡುವಿನ ಬಂಡೆಗಳು, ಸುತ್ತಲಿನ ಜನ ಅದರ ದಡಗಳು. ಬಂಡೆ ಅಲ್ಲಾಡದಿದ್ದರೆ ಪಕ್ಕದಲ್ಲಿ ನೀರು ಹರಿಯಲು ಜಾಗ ಹುಡುಕಬೇಕು, ಅದು ಚಿಕಿತ್ಸೆ. ನಮ್ಮ ಲಕ್ಷ್ಮಣತೀರ್ಥ ಹೊಳೆಯನ್ನು ದಿನಾ ಸೇತುವೆ ಮೇಲಿಂದ ನೋಡುವವಳಿಗೆ ಈ ಮಾದರಿ ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಯಾಗಿತ್ತು. ಬಾಯಿಪಾಠ ಮಾಡಿ ಹತ್ತೂ ಅಂಕ ತೆಗೆದೆ. ಲಕ್ವ ಮರಮ್ಮನವರ ಹೊಳೆಗೆ ಬಿದ್ದ ಒಂದು ಬಂಡೆ. ನನ್ನ ಚೀಟಿ ಎರಡನೆಯದು. ಮೊದಲನೆಯದನ್ನು ಎತ್ತುವುದು ನನ್ನಿಂದಲೂ ತಮ್ಮಿಂದಲೂ ಆಗುವುದಿಲ್ಲ. ಎರಡನೆಯದನ್ನು ಎತ್ತಲು ತಮ್ಮ ಒಂದು ಸಹಿ ಸಾಕು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ತಾವು ನಗಬಹುದು. ನಕ್ಕುಬಿಡಿ. ಕುಣಿಯಲು ಬಾರದ್ದು ನನಗೆ, ಒಪ್ಪಿದೆ. ನೆಲ ಹಾಸಿದವಳೂ ನಾನೇ. ಅದನ್ನು ಕೀಳಲು ಬಿಡಿ ಎಂದು ಮಾತ್ರ ಕೇಳುತ್ತಿದ್ದೇನೆ. ಮರಮ್ಮನವರ ಕಡತವನ್ನು ತೆರೆಯಿರಿ. 'ಸ್ವಾವಲಂಬಿ' ಎಂಬುದನ್ನು ಹೊಡೆದುಹಾಕಿ, ಯಶಸ್ಸಿನ ಪ್ರಮಾಣದಲ್ಲಿ ಒಬ್ಬರನ್ನು ಕಳೆಯಿರಿ. ಕೈಪಿಡಿಯಿಂದ ಅವರ ಫೋಟೊ ತೆಗೆಯಿರಿ, ಅದು ಕರೆ ಬಾರದ ಹೆಂಗಸು ಕಾದು ಕುಳಿತಿರುವ ಫೋಟೊ, ಯಶೋಗಾಥೆಯದಲ್ಲ. ನಾನು ಮಾಡಿಕೊಟ್ಟ ನಮೂನೆ ಬರುವ ತಿಂಗಳು ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳಿಗೂ ವೀರನಹೊಸಹಳ್ಳಿಯ ಕಾಡಂಚಿಗೂ ಹೋಗುತ್ತಿದೆ ಎಂದು ಕೇಳಿದೆ. ಅಲ್ಲಿಯವರು ಏನು ಕೆಲಸಕ್ಕೆ ಬೆಳಿಗ್ಗೆ ಎದ್ದು ಕೂರುತ್ತಾರೆಂದು ಕೇಳುವ ಮೊದಲು ಅವರಿಂದ ಜಿಪ್ ಎಳೆಸಬೇಡಿ. ಅದನ್ನು ತಡೆಹಿಡಿಯಿರಿ. ಶಾಲನ್ನು ರಿಜಿಸ್ಟರ್ ಅಂಚೆಯಲ್ಲಿ ವಾಪಸು ಕಳಿಸಿದ್ದೇನೆ.

ಮರಮ್ಮನವರ ಹೆಸರನ್ನು ಅವರ ಅನುಮತಿ ಇಲ್ಲದೆ ಬರೆದಿಲ್ಲ. ಪೇಪರಿನಲ್ಲಿ ಹೆಸರು ಹಾಕಲೇ ಎಂದು ಕೇಳಿದ್ದಕ್ಕೆ, "ಆಕು. ಎಸ್ರು ಇಲ್ದೆ ಕರೆಯೋದೆಂಗೆ?" ಎಂದರು.

ಹೊಲದಲ್ಲಿ ಇನ್ನು ಎರಡು ಮುರಿತದ ಎಲೆ ಮಾತ್ರ ಉಳಿದಿದೆ. ತಮ್ಮ ಕಚೇರಿಯ ಉತ್ತರ ಬರುವ ವೇಗ ನನಗೆ ಗೊತ್ತಿದೆ. ಅಷ್ಟರೊಳಗೆ ಈ ವರ್ಷದ ಸೊಪ್ಪು ಮುಗಿದಿರುತ್ತದೆ. ಆದ್ದರಿಂದ ತಮ್ಮ ಕ್ಷಮೆ ಕೋರಿ, ಕೊನೆಯ ಕೆಲವು ಸಾಲುಗಳನ್ನು ತಮಗಲ್ಲದೆ ಇನ್ನೊಬ್ಬರಿಗೆ ಬರೆಯುತ್ತಿದ್ದೇನೆ. ಇದಕ್ಕಾಗಿ ನನ್ನ ಗುತ್ತಿಗೆ ರದ್ದಾಗುವುದಿದ್ದರೆ ಆಗಲಿ.

ರಾಣಿಯವರೇ, ಬರೆದಿದ್ದನ್ನು ಬರೆದೇ ತೆಗೆಯಬೇಕು ಎಂದು ನಂದಿತಾ ನಿಮ್ಮೆದುರೇ ಹೇಳಿದಳು. ತೆಗೆಯುತ್ತಿದ್ದೇನೆ. ಮಾರ್ಚ್ ತಿಂಗಳಲ್ಲಿ ಮರಮ್ಮನವರ ಚೀಟಿಯಲ್ಲಿ ನಾನು ಬರೆದದ್ದು ತಪ್ಪು. ಅವರನ್ನು ಎಲೆ ಕೊಡುವ ಕೆಲಸಕ್ಕೆ ಕರೆಯಬಹುದು. ಇಬ್ಬನಿ ಆರಿದ ಮೇಲೆ ಕರೆಯಿರಿ, ಕೂರಲು ಎತ್ತರದ ಮಣೆ ಕೊಡಿ, ಎಲೆಯ ರಾಶಿ ಅವರ ಬಲಕ್ಕಿರಲಿ, ಬಿಪಿ ಮಾತ್ರೆ ತಿಂದಿದ್ದಾರೆಯೇ ಎಂದು ಕೇಳಿ. ಏನಾದರೂ ಹೆಚ್ಚುಕಮ್ಮಿಯಾದರೆ ಕೇಳಬೇಕಾದದ್ದು ನನ್ನನ್ನು, ನಿಮ್ಮನ್ನಲ್ಲ. ಈ ಪೇಪರನ್ನು ಕತ್ತರಿಸಿ ಇಟ್ಟುಕೊಳ್ಳಿ. ಅವರು ತಲೆಗೆ ಬಟ್ಟೆ ಕಟ್ಟಿಕೊಂಡೇ ಕುಳಿತಿದ್ದಾರೆ. ಇವತ್ತು ಬೈಗಿಗೆ ಅವರ ಬಾಗಿಲಿಗೆ ಹೋಗಿ.

ಇಂತಿ,
ಸೀಲ್ ಇಲ್ಲದ ಬರೀ ಸಹಿಯೊಂದಿಗೆ,
ಹಿಂದೆ ಮರಮ್ಮನವರಿಗೆ ಎಲೆ ಕೊಡುತ್ತಿದ್ದ ರೂಪಿ,
ತಮ್ಮ ಕಡತಗಳಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ರೂಪಶ್ರೀ ಸಿ.